ಎರಡು ಅಪ್ಪಣೆಗಳ ನಡುವೆ

‘ಗುಮಾಸ್ತ’ ಎಂಬ ಮಾತು ಪಾರಸಿಯಿಂದ ಬಂದದ್ದು. ನೇಮಕಗೊಂಡವನು, ಯಜಮಾನನ ಪರವಾಗಿ ವ್ಯವಹರಿಸುವವನು ಎಂಬುದು ಅದರ ಮೂಲಾರ್ಥ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬಂಗಾಳದ ನೇಕಾರರ ಮನೆಬಾಗಿಲಿಗೆ ಹೋಗಿ, ಮುಂಗಡ ಕೊಟ್ಟು, ಬಟ್ಟೆಯನ್ನು ವಸೂಲು ಮಾಡಿ ತರುತ್ತಿದ್ದ ಗುಮಾಸ್ತನು ಸಣ್ಣ ಆಸಾಮಿಯಾಗಿರಲಿಲ್ಲ. ಅವನ ಹೆಸರೆತ್ತಿದರೆ ನೇಕಾರರು ನಡುಗುತ್ತಿದ್ದರು. ಆ ಮಾತು ನಮ್ಮ ನಾಡಿನ ಅಂಗಡಿಬೀದಿಗಳಿಗೆ ಇಳಿದು ಬರುವ ಹೊತ್ತಿಗೆ ಅದರಲ್ಲಿದ್ದ ಅಧಿಕಾರವೆಲ್ಲ ಸವೆದುಹೋಗಿ ದುಡಿಮೆಯೊಂದೇ ಉಳಿಯಿತು. ಆದರೂ ಮೂಲಾರ್ಥದ ಒಂದು ಎಳೆ ಮಾತ್ರ ಇನ್ನೂ ಹರಿದಿಲ್ಲ. ಗುಮಾಸ್ತನು ಇನ್ನೊಬ್ಬರ ಪರವಾಗಿ ನಿಂತವನು. ಆ ಇನ್ನೊಬ್ಬರು ಒಬ್ಬರೇ ಆಗಿರದೆ ಇಬ್ಬರಾಗಿದ್ದರೆ, ಒಬ್ಬರು ‘ಹೂಂ’ ಎಂದದ್ದಕ್ಕೆ ಮತ್ತೊಬ್ಬರು ‘ಉಹೂಂ’ ಎನ್ನುವವರಾಗಿದ್ದರೆ, ಅವನು ಯಾರ ಪರವಾಗಿ ನಿಲ್ಲಬೇಕು? ಕೆಲಸಕ್ಕೆ ಬೇಕಾದಷ್ಟು ಕೈಗಳಿಲ್ಲದ ಅಂಗಡಿಯಲ್ಲಿ ಈ ಪ್ರಶ್ನೆಯು ದಿನಕ್ಕೆ ಹತ್ತು ಬಾರಿ ಏಳುತ್ತದೆ. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಸಾಹಿತ್ಯಪ್ರಿಯರಿಗೆ ಈ ಸಂದರ್ಭದಲ್ಲಿ ಕಾರ್ಲೊ ಗೋಲ್ಡೋನಿಯ ನಾಟಕ ನೆನಪಾಗದಿರದು. ವೆನಿಸ್ ನಗರದ ಈ ನಾಟಕಕಾರನು 18ನೆಯ ಶತಮಾನದ ನಡುಭಾಗದಲ್ಲಿ ರಚಿಸಿದ ‘ಇಬ್ಬರು ಯಜಮಾನರ ಸೇವಕ’ ಎಂಬ ಪ್ರಹಸನದಲ್ಲಿ ತ್ರುಫಾಲ್ದೀನೊ ಎಂಬ ಹಸಿದ ಆಳೊಬ್ಬನು ಏಕಕಾಲದಲ್ಲಿ ಇಬ್ಬರ ಬಳಿ ಚಾಕರಿ ಹಿಡಿದು, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿಯದಂತೆ ಓಡಾಡಿ, ನೋಡುವವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾನೆ. ಆದರೆ ಅವನಿಗೂ ನಮ್ಮ ಅಂಗಡಿಯ ಗುಮಾಸ್ತನಿಗೂ ಒಂದು ದೊಡ್ಡ ಅಂತರವಿದೆ. ತ್ರುಫಾಲ್ದೀನೊ ಇಬ್ಬರು ಧಣಿಗಳನ್ನು ತಾನಾಗಿ ಆರಿಸಿಕೊಂಡವನು. ಅವನ ಆಸೆ ಎರಡು ಸಂಬಳದ ಮೇಲೆ, ಎರಡು ಊಟದ ಮೇಲೆ. ನಮ್ಮವನಿಗೆ ಧಣಿಗಳು ಇಬ್ಬರು, ಸಂಬಳ ಒಂದೇ. ಊಟದ ವಿಷಯವನ್ನಂತೂ ಕೇಳುವುದೇ ಬೇಡ. ಮದುವೆಯ ತಿಂಗಳಿನಲ್ಲಿ ಅದು ಸಂಜೆ ನಾಲ್ಕಕ್ಕೆ ಮುನ್ನ ಕೂಡಿಬರುತ್ತಿರಲಿಲ್ಲ.

ನನ್ನ ಊರು ಬಾತಿ. ದಾವಣಗೆರೆಗೂ ಹರಿಹರಕ್ಕೂ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಊರು. ಗುಡ್ಡದ ಮೇಲೆ ರೇವಣಸಿದ್ದೇಶ್ವರ, ಕೆಳಗೆ ಕೆರೆ, ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆಗಳು. ಹೊಲಮನೆ ಸಾಲದೆ ಹೊರಗೆ ದುಡಿಯಬೇಕಾದ ಹುಡುಗರಿಗೆ ಅಂದು ಎರಡು ದಿಕ್ಕುಗಳಿದ್ದವು. ಪಶ್ಚಿಮದ ಬಸ್ಸು ಹತ್ತಿದರೆ ಹರಿಹರದ ಕಾರ್ಖಾನೆಗಳು; ಅವುಗಳಲ್ಲಿ ಹಿರಿಯದಾದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಸ್ಥಾಪನೆಯಾದದ್ದು. ಪೂರ್ವದ ಬಸ್ಸು ಹತ್ತಿದರೆ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ಅಂಗಡಿಗಳು. ಕಾರ್ಖಾನೆಯ ಕೆಲಸಕ್ಕೆ ಐ.ಟಿ.ಐ. ಬೇಕು, ಪರಿಚಯ ಬೇಕು. ಅಂಗಡಿಯ ಕೆಲಸಕ್ಕೆ ಬೇಕಾದದ್ದು ಶುಭ್ರವಾದ ಅಂಗಿ ಮತ್ತು ನಿಲ್ಲಬಲ್ಲ ಕಾಲುಗಳು. ಪಿ.ಯು.ಸಿ. ಮುಗಿಸಿ, ಮುಂದಿನ ಓದಿಗೆ ಹಣ ಕೂಡಿಸಬೇಕಾಗಿದ್ದ ನಾನು 1986ರಲ್ಲಿ ಪೂರ್ವದ ಬಸ್ಸು ಹತ್ತಿದೆ. ಮೂರು ವರ್ಷ ಒಂದು ಜವಳಿ ಅಂಗಡಿಯಲ್ಲಿ ದುಡಿದೆ. ಅಂಗಡಿಯ ಹೆಸರು ಇಲ್ಲಿ ಅನಗತ್ಯ.

ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ ತಾಲ್ಲೂಕು. ತಾನೇ ಒಂದು ಜಿಲ್ಲೆಯಾದದ್ದು 1997ರಲ್ಲಿ. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದನ್ನು ತಂದುಕೊಟ್ಟಿದ್ದ ಹತ್ತಿ ಗಿರಣಿಗಳ ವೈಭವ ಆ ವೇಳೆಗೆ ಇಳಿಮುಖವಾಗಿತ್ತು. ಆದರೆ ನೂಲುವುದು ಕಡಿಮೆಯಾದರೂ ಮಾರುವುದು ಕಡಿಮೆಯಾಗಲಿಲ್ಲ. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ, ಹರಿಹರ, ಇತ್ತ ರಾಣೆಬೆನ್ನೂರು, ಹೀಗೆ ಸುತ್ತಣ ತಾಲ್ಲೂಕುಗಳ ಮದುವೆಯ ಜವಳಿಗೆ ದಾವಣಗೆರೆಯೇ ತವರು. ‘ಜವಳಿ ತೆಗೆಯುವುದು’ ಎಂದರೆ ಬಟ್ಟೆ ಕೊಳ್ಳುವುದಷ್ಟೇ ಎಂದು ಪೇಟೆಯ ವಾಚಕರು ತಿಳಿಯಬಾರದು. ಅದು ಮದುವೆಯ ಮೊದಲ ಶಾಸ್ತ್ರ. ಎರಡೂ ಕಡೆಯ ಬೀಗರು, ಅಜ್ಜಿಯಂದಿರು, ಸೋದರತ್ತೆಯರು, ಊರಿನ ಇಬ್ಬರು ಹಿರಿಯರು, ಮೂರು ಕೈಗೂಸುಗಳು ಸೇರಿ ಇಪ್ಪತ್ತು ಇಪ್ಪತ್ತೈದು ಮಂದಿ ಟೆಂಪೊದಲ್ಲಿ ಬಂದು ಇಳಿಯುವರು. ಗಾದಿಯ ಮೇಲೆ ಹಾಸಿದ ಬಿಳಿಯ ಬಟ್ಟೆಯ ಸುತ್ತ ಕೂಡುವರು. ಧಾರೆಯ ಸೀರೆ, ಮುಯ್ಯಿಯ ಸೀರೆ, ಕಣ, ಧೋತರ, ಟವೆಲು, ಮದುಮಗನ ಸೂಟಿನ ಬಟ್ಟೆ ಎಂದು ಪಟ್ಟಿ ಬಿಚ್ಚುವರು. ಧಾರೆಯ ಸೀರೆಯ ಬಣ್ಣ ಒಪ್ಪಿಗೆಯಾಗದಿದ್ದರೆ ಬೀಗತನವೇ ಕೆಟ್ಟೀತು! ಅಂಥ ಗುಂಪಿನ ನಡುವೆ ಮೊಣಕಾಲೂರಿ ಕುಳಿತು, ಮೊಳಕಾಲ್ಮೂರಿನ ರೇಷ್ಮೆಯನ್ನೂ ಇಳಕಲ್ಲಿನ ಸೀರೆಯನ್ನೂ ಒಂದೊಂದಾಗಿ ಬಿಚ್ಚಿ, ಸೆರಗನ್ನು ತನ್ನ ಹೆಗಲಿಗೇರಿಸಿಕೊಂಡು ತೋರಿಸುವ ಗುಮಾಸ್ತನು ಅರ್ಧ ವ್ಯಾಪಾರಿ, ಅರ್ಧ ಪುರೋಹಿತ.

ನಮ್ಮ ಅಂಗಡಿಗೆ ಇಬ್ಬರು ಧಣಿಗಳು. ಹಿರಿಯರನ್ನು ನಾವು ‘ಅಪ್ಪಾರು’ ಎನ್ನುತ್ತಿದ್ದೆವು. ಬಾಗಿಲ ಬಳಿಯ ಗದ್ದುಗೆಯ ಮೇಲೆ, ಗಲ್ಲಾಪೆಟ್ಟಿಗೆಗೆ ಒರಗಿ ಕುಳಿತರೆಂದರೆ ರಾತ್ರಿ ಕಿರ್ದಿ ಬರೆದು ಮುಗಿಯುವ ತನಕ ಏಳುತ್ತಿರಲಿಲ್ಲ. ಅವರ ಮಗ ‘ಸಣ್ಣ ಧಣಿ’. ಬಿ.ಕಾಂ. ಓದಿ ಬಂದವರು, ಒಳಗಡೆ, ಮೇಲ್ಮಹಡಿಯ ಉಗ್ರಾಣದ ಮೆಟ್ಟಿಲ ಬಳಿ ಒಂದು ಮೇಜು ಹಾಕಿಸಿಕೊಂಡಿದ್ದರು. ಇಬ್ಬರೂ ಕೆಟ್ಟವರಲ್ಲ. ಈ ಮಾತನ್ನು ನಾನು ಸೌಜನ್ಯಕ್ಕಾಗಿ ಹೇಳುತ್ತಿಲ್ಲ. ಈ ವಿಷಯದ ತಿರುಳೇ ಅಲ್ಲಿದೆ. ತಂದೆ ಹೇಳಿದ್ದೂ ಸರಿ, ಮಗ ಹೇಳಿದ್ದೂ ಸರಿ. ‘ಗಿರಾಕಿ ಬರಿಗೈಲಿ ಮೆಟ್ಟಿಲಿಳಿಯಬಾರದು, ಐವತ್ತು ಸೀರೆ ಕೇಳಿದರೆ ಐವತ್ತೂ ಬಿಚ್ಚು’ ಎಂಬುದು ತಂದೆಯ ಅಪ್ಪಣೆ. ನಲವತ್ತು ವರ್ಷದ ವ್ಯಾಪಾರ ಅವರಿಗೆ ಕಲಿಸಿದ್ದು ಅದು. ‘ಹತ್ತಕ್ಕಿಂತ ಹೆಚ್ಚು ಬಿಚ್ಚಬೇಡ, ಮಡಿಕೆ ಕೆಟ್ಟ ಸೀರೆ ಹಳೆಯದಾಗಿ ಕಾಣುತ್ತೆ, ಹತ್ತನ್ನು ಮಡಿಸಿಟ್ಟು ಮುಂದಿನದಕ್ಕೆ ಕೈ ಹಾಕು’ ಎಂಬುದು ಮಗನ ಅಪ್ಪಣೆ. ವರ್ಷದ ಕೊನೆಗೆ ಉಳಿದುಬಿದ್ದ ಸರಕನ್ನು ಎಣಿಸಿದವರು ಅವರು. ಅವರ ಮಾತಿಗೂ ಆಧಾರವಿತ್ತು. ‘ಗಾದಿ ಬಿಟ್ಟು ಕದಲಬೇಡ’ ಎಂದು ಅವರು. ‘ಮೇಲಿಂದ ಬೇಲು ಇಳಿಸು ಬಾ’ ಎಂದು ಇವರು. ‘ಗಿರಾಕಿಗೆ ಮೊದಲು ನೀರು ಕೊಡು’ ಎಂದು ಅವರು; ‘ಸಂಜೆಯೊಳಗೆ ಶರ್ಟಿಂಗ್ ತಾನುಗಳ ಲೆಕ್ಕ ಮುಗಿಸು’ ಎಂದು ಇವರು.

ಏಳು ಮಂದಿ ಗುಮಾಸ್ತರಿದ್ದಾಗ ಈ ವಿರೋಧವು ಅಷ್ಟಾಗಿ ಕಾಣುತ್ತಿರಲಿಲ್ಲ. ಇಬ್ಬರು ಬಿಚ್ಚುತ್ತಿದ್ದರು, ಒಬ್ಬ ಮಡಿಸುತ್ತಿದ್ದ, ಒಬ್ಬ ಮೇಲೆ ಹೋಗುತ್ತಿದ್ದ. ಎರಡು ಅಪ್ಪಣೆಗಳು ಎರಡು ಜೊತೆ ಕೈಗಳಲ್ಲಿ ಹಂಚಿಹೋಗಿ, ಒಂದಕ್ಕೊಂದು ಡಿಕ್ಕಿ ಹೊಡೆಯದೆ ನಡೆಯುತ್ತಿದ್ದವು. 1988ರ ಬೇಸಗೆಯ ಹೊತ್ತಿಗೆ ನಾವು ನಾಲ್ವರಾಗಿದ್ದೆವು. ಒಬ್ಬನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಒಬ್ಬನು ಎದುರು ಸಾಲಿನ ಅಂಗಡಿಗೆ ಹೋದ, ಒಬ್ಬನು ಕಾಮಾಲೆ ಹಿಡಿದು ಊರು ಸೇರಿದ. ಅವರ ಜಾಗಕ್ಕೆ ಯಾರೂ ಬರಲಿಲ್ಲ. ನಾಲ್ವರಲ್ಲಿಯೂ ವ್ಯಾಪಾರ ನಡೆಯುತ್ತಿದೆಯಲ್ಲ, ಮತ್ತೇಕೆ ಮೂವರ ಸಂಬಳ ಎಂದು ಸಣ್ಣ ಧಣಿಗೆ ತೋರಿತು. ಅಂದಿನಿಂದ ಎರಡು ಅಪ್ಪಣೆಗಳೂ ಒಂದೇ ಜೊತೆ ಕೈಗಳ ಮೇಲೆ ಬಂದು ಕುಳಿತವು. ಅಡಕತ್ತರಿಯ ಎರಡು ಅಲಗುಗಳು ಬೇರೆ ಬೇರೆಯಾಗಿ ಬಿದ್ದಿರುವ ತನಕ ಅಡಕೆಗೆ ಭಯವಿಲ್ಲ.

ವೈಶಾಖದ ಒಂದು ದಿನ ನಡೆದದ್ದು ಹೀಗೆ. ನಮ್ಮಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದರು. ಇಪ್ಪತ್ತೆರಡು ವರ್ಷದ ಅನುಭವ, ನಾವು ‘ಅಣ್ಣಾರು’ ಎನ್ನುತ್ತಿದ್ದವರು. ಅವರ ಗಾದಿಯ ಮೇಲೆ ಜಗಳೂರು ಕಡೆಯ ಒಂದು ಮದುವೆಯ ಗುಂಪು, ಪಕ್ಕದಲ್ಲಿಯೇ ಇನ್ನೊಂದು ಗುಂಪು. ಬಿಚ್ಚಿದ ರೇಷ್ಮೆ ಸೀರೆಗಳು ನಲವತ್ತಕ್ಕೂ ಮೇಲೆ. ಒಳಗಿನಿಂದ ಸಣ್ಣ ಧಣಿ ಕೂಗಿದರು: ಲಾರಿಯಿಂದ ಬೇಲು ಬಂದಿದೆ, ಹಮಾಲಿಗಳು ಕಾಯುತ್ತಿದ್ದಾರೆ, ಮೇಲೆ ಜಾಗ ತೋರಿಸಬೇಕು. ಅಣ್ಣಾರು ಒಮ್ಮೆ ಗದ್ದುಗೆಯ ಕಡೆ ನೋಡಿದರು. ಅಪ್ಪಾರು ಯಾರೊಡನೆಯೋ ಚೌಕಾಸಿಯಲ್ಲಿದ್ದರು. ಎರಡನೆಯ ಕೂಗು ಬಂತು. ಎದ್ದು ಹೋದರು. ಕಾಲು ಗಂಟೆಯಲ್ಲಿ ಮರಳಿ ಬಂದರು. ರಾತ್ರಿ ಲೆಕ್ಕಕ್ಕೆ ಒಂದು ಸೀರೆ ಕಡಿಮೆ.

‘ಗಾದಿ ಬಿಟ್ಟು ಯಾಕೆ ಎದ್ದೆಯಪ್ಪ?’ ಎಂದು ಅಪ್ಪಾರು ಕೇಳಿದರು. ಅಣ್ಣಾರು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟರೆ ತಂದೆಯ ಮುಂದೆ ಮಗನನ್ನು ದೂರಿದಂತಾಗುತ್ತಿತ್ತು. ಸಣ್ಣ ಧಣಿಯೂ ಅಲ್ಲಿಯೇ ನಿಂತಿದ್ದರು, ಅವರೂ ಮಾತನಾಡಲಿಲ್ಲ. ಸೀರೆಯ ಬೆಲೆಯನ್ನು ಮೂರು ತಿಂಗಳ ಬಟವಾಡೆಯಲ್ಲಿ ಮುರಿದುಕೊಳ್ಳುವುದೆಂದು ತೀರ್ಮಾನವಾಯಿತು. ಅವರ ಮಗಳು ಆ ವರ್ಷ ಹತ್ತನೆಯ ತರಗತಿಯಲ್ಲಿದ್ದಳು. ಜೂನ್ ತಿಂಗಳಿನಲ್ಲಿ ಆಕೆಯ ಶಾಲೆಯ ಫೀಜಿಗಾಗಿ ಅವರು ನಮ್ಮೆಲ್ಲರ ಬಳಿ ಹತ್ತು ಹತ್ತು ರೂಪಾಯಿ ಕೈಗಡ ಕೇಳಿದುದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಈ ಘಟನೆಯಲ್ಲಿ ತಪ್ಪು ಯಾರದು? ಬಹಳ ವರ್ಷಗಳ ಮೇಲೆ, ಅಧ್ಯಾಪಕನಾಗಿ ಪುಸ್ತಕಗಳ ನಡುವೆ ಬದುಕುವಂತಾದ ಮೇಲೆ, ನಮ್ಮ ಅಂಗಡಿಯ ಗಾದಿಯ ಮೇಲೆ ನಡೆದ ಈ ವ್ಯಾಜ್ಯವು ದೊಡ್ಡ ದೊಡ್ಡವರ ನಡುವೆಯೂ ನಡೆದಿತ್ತೆಂದು ತಿಳಿಯಿತು. ಅಮೆರಿಕದ ಫ್ರೆಡರಿಕ್ ಟೇಲರ್ 1903ರಲ್ಲಿ ಪ್ರಕಟಿಸಿದ ‘ಷಾಪ್ ಮ್ಯಾನೇಜ್‌ಮೆಂಟ್’ ಎಂಬ ಪ್ರಬಂಧದಲ್ಲಿ ಕೆಲಸಗಾರನೊಬ್ಬನಿಗೆ ಎಂಟು ಮಂದಿ ಮೇಲ್ವಿಚಾರಕರಿರಬೇಕೆಂದು ವಿಧಿಸಿದನು: ವೇಗಕ್ಕೆ ಒಬ್ಬ, ದುರಸ್ತಿಗೆ ಒಬ್ಬ, ಕಾಲ ಮತ್ತು ವೆಚ್ಚದ ಲೆಕ್ಕಕ್ಕೆ ಒಬ್ಬ, ಶಿಸ್ತಿಗೆ ಒಬ್ಬ, ಇತ್ಯಾದಿ. ಫ್ರಾನ್ಸಿನ ಗಣಿ ಎಂಜಿನಿಯರ್ ಆನ್ರಿ ಫಯೋಲ್ 1916ರಲ್ಲಿ ಹೊರಬಂದ ತನ್ನ ಕೃತಿಯಲ್ಲಿ ಇದಕ್ಕೆ ನೇರ ವಿರುದ್ಧವಾದ ಮಾತು ಹೇಳಿದನು. ಒಂದು ಕೆಲಸಕ್ಕೆ ಒಬ್ಬನಿಗೆ ಒಬ್ಬರೇ ಅಪ್ಪಣೆ ಕೊಡಬೇಕು. ಇಬ್ಬರು ಕೊಟ್ಟೊಡನೆ ಅಧಿಕಾರ ಕುಂದುತ್ತದೆ, ಶಿಸ್ತು ಕೆಡುತ್ತದೆ ಎಂಬುದು ಅವನ ನಿಲುವು. ಮನೆತನದ ಅಂಗಡಿಗಳಲ್ಲಿಯೂ, ಅಣ್ಣತಮ್ಮಂದಿರು ಪಾಲುದಾರರಾದ ವ್ಯಾಪಾರದಲ್ಲಿಯೂ ಈ ತೊಡಕು ಮತ್ತೆ ಮತ್ತೆ ತಲೆದೋರುವುದನ್ನು ಫಯೋಲನು ಬಲ್ಲವನಾಗಿದ್ದನು. ನಾನು ಫಯೋಲನ ಪಕ್ಷ. ಆದರೆ ಅವನ ಸೂತ್ರವು ಧಣಿಗಳಿಗೆ ಹೇಳಿದ್ದು. ಧಣಿಗಳು ಅದನ್ನು ಓದದೆ ಹೋದರೆ ಗುಮಾಸ್ತನು ಏನು ಮಾಡಬೇಕೆಂಬುದನ್ನು ಅದು ತಿಳಿಸುವುದಿಲ್ಲ.

1964ರಲ್ಲಿ ರಾಬರ್ಟ್ ಕಾನ್ ಮತ್ತು ಸಂಗಡಿಗರು ಅಮೆರಿಕದ ದುಡಿಮೆಗಾರರನ್ನು ಕುರಿತು ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಒಬ್ಬನಿಂದ ಹಲವರು ಪರಸ್ಪರ ವಿರುದ್ಧವಾದುದನ್ನು ನಿರೀಕ್ಷಿಸಿದಾಗ ಅವನಿಗೇನಾಗುತ್ತದೆ ಎಂಬುದು ಅದರ ವಿಷಯ. ಅಂಥವನು ಆತಂಕಕ್ಕೊಳಗಾಗುತ್ತಾನೆ, ಕೆಲಸದಲ್ಲಿ ಅವನ ತೃಪ್ತಿ ಕುಗ್ಗುತ್ತದೆ ಎಂಬುದು ಯಾರೂ ಊಹಿಸಬಹುದಾದ ಫಲಿತಾಂಶ. ಗಮನಿಸಬೇಕಾದದ್ದು ಇನ್ನೊಂದು. ತನ್ನ ಮೇಲೆ ಒತ್ತಡ ತಂದವರೊಡನೆ ಅವನು ಮಾತನ್ನೇ ಕಡಿಮೆ ಮಾಡುತ್ತಾನೆ. ಯಾವಾಗ ಹೆಚ್ಚು ಮಾತು ಬೇಕೋ ಆಗಲೇ ಬಾಯಿ ಕಟ್ಟುತ್ತದೆ. ಅಣ್ಣಾರ ಅಂದಿನ ಮೌನವನ್ನು ಕಣ್ಣಾರೆ ಕಂಡ ನನಗೆ ಇದನ್ನು ಓದಿದಾಗ ಆಶ್ಚರ್ಯವಾಗಲಿಲ್ಲ.

ಆದರೆ ಅಣ್ಣಾರ ಮೌನ ಬಹಳ ದಿನ ಉಳಿಯಲಿಲ್ಲ. ಅವರು ಕಂಡುಕೊಂಡ ಉಪಾಯವನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲವಾದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲನೆಯದಾಗಿ, ಅವರು ಅಪ್ಪಣೆಯನ್ನು ಗಟ್ಟಿಯಾಗಿ ಮರುನುಡಿಯತೊಡಗಿದರು. ಒಳಗಿನಿಂದ ಕೂಗು ಬಂದ ಕೂಡಲೇ ಎದ್ದು ನಿಂತು, ಇಡೀ ಅಂಗಡಿಗೆ ಕೇಳಿಸುವಂತೆ, ‘ಸಣ್ಣ ಧಣ್ಯಾರು ಕರೆದ್ರು, ಮ್ಯಾಲೆ ಹೊಂಟೀನ್ರಿ ಅಪ್ಪಾರೆ. ಗಾದಿ ಮ್ಯಾಲೆ ನಲವತ್ತೊಂದು ಸೀರಿ ಅದಾವ್ರಿ’ ಎನ್ನುವರು. ಮಾತಿನಲ್ಲಿ ದೂರಿಲ್ಲ, ಅವಿಧೇಯತೆಯಿಲ್ಲ, ಹೋಗುತ್ತೇನೆಂದೇ ಹೇಳಿದ್ದು. ಆದರೆ ಹೊರಟದ್ದು ಯಾರ ಅಪ್ಪಣೆಯಿಂದ, ಬಿಟ್ಟುಹೋದದ್ದು ಎಷ್ಟು ಸರಕು ಎಂಬ ಎರಡು ಸಂಗತಿಗಳು ಇಪ್ಪತ್ತು ಜನರ ಕಿವಿಗೆ ಬಿದ್ದಿರುತ್ತಿದ್ದವು. ಚೌಕಾಸಿಯಲ್ಲಿ ಮುಳುಗಿದ್ದ ಅಪ್ಪಾರು ತಲೆಯೆತ್ತಲೇಬೇಕಾಗುತ್ತಿತ್ತು. ‘ಹೋಗು, ನಾ ನೋಡ್ಕೊಂತೀನಿ’ ಎಂದರೆ ಗಾದಿಯ ಹೊಣೆ ಅವರದಾಯಿತು. ‘ಈಗ ಬ್ಯಾಡ’ ಎಂದರೆ ಅದು ತಂದೆ ಮಗನಿಗೆ ಹೇಳಿದ ಮಾತಾಯಿತು. ಎರಡರಲ್ಲಿ ಯಾವುದೇ ಆದರೂ ಅಣ್ಣಾರ ತಲೆಯ ಮೇಲಿನ ಭಾರ ಇಳಿಯಿತು.

ಎರಡನೆಯದು ಹಲಗೆ. ಮಕ್ಕಳು ಬರೆಯುವ ಕರಿಯ ಕಲ್ಲಿನ ಹಲಗೆಯೊಂದನ್ನು ಮನೆಯಿಂದ ತಂದು ಮೆಟ್ಟಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಬೆಳಗ್ಗೆ ಬೋಣಿಗೆಗೆ ಮುಂಚೆ ಆ ದಿನದ ಕೆಲಸಗಳನ್ನು ಅದರ ಮೇಲೆ ಬರೆಯುವರು. ದಿನದ ನಡುವೆ ಹೊಸ ಅಪ್ಪಣೆ ಬಂದರೆ ಅದನ್ನೂ ಸೇರಿಸುವರು. ಪಕ್ಕದಲ್ಲಿ ‘ಅ’ ಅಥವಾ ‘ಸ’ ಎಂಬ ಅಕ್ಷರ. ಎರಡು ಕೆಲಸಗಳು ಒಂದೇ ಹೊತ್ತಿಗೆ ಬಂದು ಬಿದ್ದರೆ ಹಲಗೆಯನ್ನೇ ಗದ್ದುಗೆಯ ಬಳಿ ಒಯ್ದು, ‘ಎರಡೂ ಮಾಡ್ತೀನ್ರಿ ಅಪ್ಪಾರೆ. ಮೊದಲು ಯಾವ್ದು ಅಂತ ನೀವು ಒಂದು ಗೆರೆ ಹಾಕ್ಕೊಡ್ರಿ’ ಎನ್ನುವರು. ಮೊದಲ ದಿನ ಅಪ್ಪಾರಿಗೆ ಸಿಟ್ಟು ಬಂತು. ‘ಇಷ್ಟು ವರ್ಷ ದುಡಿದವನಿಗೆ ಇದನ್ನೂ ಹೇಳಬೇಕೇನಪ್ಪ?’ ಎಂದರು. ‘ಇಷ್ಟು ವರ್ಷ ನಾನ ತೀರ್ಮಾನ ಮಾಡ್ತಿದ್ದೆ. ದಂಡ ಬಿದ್ಮ್ಯಾಲೆ ತಿಳೀತ್ರಿ, ತೀರ್ಮಾನ ನಂದಲ್ಲ ಅಂತ’ ಎಂದು ಅಣ್ಣಾರು ತಗ್ಗಿದ ದನಿಯಲ್ಲಿ ಹೇಳಿದರು. ಅಪ್ಪಾರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಪ ತೆಗೆದುಕೊಂಡು ಗೆರೆ ಎಳೆದರು.

ನನ್ನ ಬುದ್ಧಿಗೆ ಈ ಪ್ರಸಂಗದಲ್ಲಿ ತೋರಿದ್ದು ಇಷ್ಟು. ಆರು ಕೆಲಸ, ನಾಲ್ಕು ಜೊತೆ ಕೈ ಎಂದ ಮೇಲೆ ಎರಡು ಕೆಲಸ ಉಳಿಯಲೇಬೇಕು. ಯಾವ ಎರಡನ್ನು ಉಳಿಸುವುದು ಎಂದು ಯಾರಾದರೊಬ್ಬರು ತೀರ್ಮಾನಿಸಲೇಬೇಕು. ಅದು ಅಂಗಡಿ ನಡೆಸುವವರ ತೀರ್ಮಾನ. ಆರೂ ಆಗಬೇಕೆಂದು ಹೇಳಿ ಅವರು ತಿರುಗಿ ಕುಳಿತರೆ ಆ ತೀರ್ಮಾನ ಮಾಯವಾಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಎಲ್ಲರಿಗಿಂತ ಕಡಿಮೆ ಸಂಬಳದವನ ಹೆಗಲೇರುತ್ತದೆ. ಸರಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿದರೆ ದಂಡ ಅವನದು. ಚತುರನಾದ ಸೇವಕನು ಎಲ್ಲರನ್ನೂ ಮೆಚ್ಚಿಸುತ್ತಾನೆ ಎಂಬ ನೀತಿಕಥೆಗಳ ಮಾತು ನನಗೆ ಎಂದೂ ರುಚಿಸಿಲ್ಲ. ಆ ಚಾತುರ್ಯವೇ ಅವನನ್ನು ತಿನ್ನುತ್ತದೆ. ಅಣ್ಣಾರು ಇಪ್ಪತ್ತೆರಡು ವರ್ಷ ಅಂಥ ಚತುರರಾಗಿದ್ದವರು. ನಲವತ್ತು ಸೀರೆ ಬಿಚ್ಚಿದರೂ ಹತ್ತೇ ಬಿಚ್ಚಿದಂತೆ ತೋರಿಸಬಲ್ಲವರಾಗಿದ್ದರು. ಎರಡು ಅಪ್ಪಣೆಗಳಿಗೂ ವಿರೋಧವಿದೆಯೆಂಬುದು ಧಣಿಗಳ ಅರಿವಿಗೇ ಬಾರದಂತೆ ಅವರ ಚಾತುರ್ಯ ಮುಚ್ಚಿಟ್ಟಿತ್ತು.

ಹಲಗೆಯಿಂದ ಎಲ್ಲವೂ ಸರಿಹೋಯಿತೆಂದು ವಾಚಕರು ಭಾವಿಸಬಾರದು. ಜನ ನುಗ್ಗಿದ ದಿನಗಳಲ್ಲಿ ಬರೆಯಲು ಪುರುಸೊತ್ತೇ ಇರುತ್ತಿರಲಿಲ್ಲ, ಬಳಪವೂ ಸಿಕ್ಕುತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ, ಇದೇನು ಅಂಗಡಿಯೋ ಕನ್ನಡ ಶಾಲೆಯೋ ಎಂದು ಸಣ್ಣ ಧಣಿ ಅದನ್ನು ಗಿರಾಕಿಗಳ ಕಣ್ಣಿಗೆ ಬೀಳದಂತೆ ಉಗ್ರಾಣದ ಗೋಡೆಗೆ ಸಾಗಿಸಿದರು. ತಂದೆಮಕ್ಕಳ ನಡುವೆ ಮಾತು ಬೆಳೆಯಿತು. ಒಂದು ದಿನವಂತೂ ಗಿರಾಕಿಗಳ ಮುಂದೆಯೇ ಜಗಳವಾಡಿದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆನ್ನುವರಲ್ಲ, ಕೂಸು ಪಕ್ಕಕ್ಕೆ ಸರಿದು ನಿಂತು ಜಗಳವನ್ನು ಅವರಿಗೇ ಬಿಟ್ಟಿತೆನ್ನಬೇಕು. ದಸರೆಯ ಹೊತ್ತಿಗೆ, ಹಲಗೆಯ ಮೇಲೆ ಅಳಿಸದೆ ಉಳಿದ ಸಾಲುಗಳನ್ನು ದಿನವೂ ನೋಡಿ ನೋಡಿ, ಸಣ್ಣ ಧಣಿಯೇ ಐದನೆಯವನೊಬ್ಬನನ್ನು ಕರೆತಂದರು. ಮುರಿದುಕೊಂಡ ಹಣ ಮಾತ್ರ ಅಣ್ಣಾರಿಗೆ ಮರಳಲಿಲ್ಲ.

ಕೈಗಳ ಕೊರತೆಯನ್ನು ಅಂಗಡಿಗಳು ಯಾಕೆ ಇಷ್ಟು ದಿನ ಸಹಿಸುತ್ತವೆ ಎಂಬುದಕ್ಕೆ ಕಾರಣ ಕಿರ್ದಿಯಲ್ಲಿದೆ. ಕೊಟ್ಟ ಸಂಬಳ ಅದರಲ್ಲಿ ಕಾಣುತ್ತದೆ. ಸೀರೆ ತೋರಿಸುವವರಿಲ್ಲದೆ ಕಾದು ಬೇಸತ್ತು ಎದ್ದುಹೋದ ಬೀಗರು ಕಾಣುವುದಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಬೋಧಿಸುವ ಜೈನೆಪ್ ಟಾನ್ ಎಂಬ ವಿದುಷಿ ಚಿಲ್ಲರೆ ವ್ಯಾಪಾರದ ಅಂಗಡಿಗಳನ್ನು ಬಹುಕಾಲ ಅಭ್ಯಾಸ ಮಾಡಿ 2014ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಸರಕು ಅಂಗಡಿಯೊಳಗೇ ಇರುತ್ತದೆ, ಲೆಕ್ಕದಲ್ಲಿಯೂ ಇರುತ್ತದೆ, ಆದರೆ ಇರಬೇಕಾದ ಜಾಗದಲ್ಲಿಲ್ಲದೆ ಗಿರಾಕಿಗೆ ‘ಇಲ್ಲ’ ಎನ್ನಬೇಕಾಗುತ್ತದೆ. ಆಳುಗಳು ಕಡಿಮೆಯಾದಷ್ಟೂ ಈ ಬಗೆಯ ಇದ್ದೂ ಇಲ್ಲದಿರುವಿಕೆ ಹೆಚ್ಚುತ್ತದೆ ಎಂದು ಅವರು ತೋರಿಸಿದ್ದಾರೆ. ಮಾರಾಟ ಇಳಿಯಿತೆಂದು ಆಳುಗಳನ್ನು ಇನ್ನಷ್ಟು ಕಡಿಮೆ ಮಾಡುತ್ತಾರೆ, ಅದರಿಂದ ಮಾರಾಟ ಮತ್ತೂ ಇಳಿಯುತ್ತದೆ. ಸ್ಪೇನಿನ ಮರ್ಕಡೋನಾ, ಅಮೆರಿಕದ ಕಾಸ್ಟ್‌ಕೋ ಮೊದಲಾದ ಅಂಗಡಿಗಳು ಬೇಕಾದುದಕ್ಕಿಂತ ಕೊಂಚ ಹೆಚ್ಚೇ ಆಳುಗಳನ್ನಿಟ್ಟುಕೊಂಡು, ಒಳ್ಳೆಯ ಸಂಬಳ ಕೊಟ್ಟು, ಅಗ್ಗವಾಗಿಯೇ ಮಾರಿ ಲಾಭ ಗಳಿಸುತ್ತಿರುವ ಬಗೆಯನ್ನೂ ಅವರು ವಿವರಿಸಿದ್ದಾರೆ.

ಕಾನೂನು ಏನು ಹೇಳುತ್ತದೆಂದು ವಿದ್ಯಾರ್ಥಿಗಳು ಕೇಳಬಹುದು. ನಮ್ಮ ರಾಜ್ಯ ಇನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದಾಗ, 1961ರಲ್ಲಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವನ್ನು ರಚಿಸಿದರು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಎಡೆಬಿಡದೆ 5 ಗಂಟೆ ದುಡಿಸುವುದರೊಳಗೆ ಒಂದು ಗಂಟೆಯ ಬಿಡುವು, ವಾರಕ್ಕೊಂದು ರಜೆ ಎಂದು ಅದು ಗೊತ್ತುಮಾಡಿತು. ಗಂಟೆಗಳನ್ನು ಎಣಿಸಿದ ಆ ಶಾಸನ ಕೈಗಳನ್ನು ಎಣಿಸಲಿಲ್ಲ. ಇಷ್ಟು ಗಾದಿಗೆ ಇಷ್ಟು ಜನ ಎಂಬ ಮಾತು ಅದರಲ್ಲಿಲ್ಲ. ಸಂಬಳದಲ್ಲಿ ನಷ್ಟವನ್ನು ಮುರಿದುಕೊಳ್ಳುವ ಮುನ್ನ ದುಡಿದವನಿಗೆ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕೆಂಬ ನಿಯಮ 1936ರ ವೇತನ ಪಾವತಿ ಕಾಯ್ದೆಯಷ್ಟು ಹಳೆಯದು. 2019ರಲ್ಲಿ ಅಂಗೀಕೃತವಾಗಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹೇಳಿಕೊಳ್ಳುವ ಅವಕಾಶವೇನೋ ಸರಿ. ತಂದೆಯ ಮುಂದೆ ಮಗನ ವಿರುದ್ಧ ಹೇಳಿಕೊಳ್ಳುವ ಎದೆಗಾರಿಕೆಯನ್ನು ಯಾವ ಸಂಹಿತೆ ಕೊಟ್ಟೀತು?

ಅಧ್ಯಾಪಕ ಮಿತ್ರರು ಇಷ್ಟು ಹೊತ್ತಿಗೆ ನಗುತ್ತಿರಬಹುದು. ಐವರ ಕೆಲಸವನ್ನು ಇಬ್ಬರು ಹೊತ್ತ ಹಳ್ಳಿಯ ಶಾಲೆಯಲ್ಲಿ ಪಾಠ ಮುಗಿಸೆಂದು ಒಬ್ಬರು, ಬಿಸಿಯೂಟದ ಲೆಕ್ಕ ಕಳಿಸೆಂದು ಇನ್ನೊಬ್ಬರು, ಮತದಾರರ ಪಟ್ಟಿ ತಿದ್ದಲು ಬಾ ಎಂದು ಮತ್ತೊಬ್ಬರು ಹೇಳುವುದು ಅವರಿಗೆ ನಿತ್ಯದ ಅನುಭವ. ನನಗೂ ಮೂವತ್ತು ವರ್ಷ ಅದೇ ಆಗಿತ್ತು. ಅದನ್ನು ಬರೆಯಹೊರಟರೆ ಈ ಪುಟ ಸಾಲದು.

ಈಗ ದಾವಣಗೆರೆಯಲ್ಲಿ ಗಾದಿಯ ಅಂಗಡಿಗಳು ಕಡಿಮೆಯಾಗಿವೆ. ಗಾಜಿನ ಬಾಗಿಲಿನ, ತಂಪುಗಾಳಿಯ, ಮೂರು ನಾಲ್ಕು ಅಂತಸ್ತಿನ ಷೋರೂಮುಗಳು ಬಂದಿವೆ. ನಮ್ಮ ಬಾತಿಯ ಹೆಣ್ಣುಮಕ್ಕಳು ಹಲವರು ಅವುಗಳಲ್ಲಿ ದುಡಿಯುತ್ತಾರೆ. ನಮ್ಮ ಪಕ್ಕದ ಮನೆಯ ಹುಡುಗಿ, ಬಿ.ಎ. ಮುಗಿಸಿದವಳು, ಅಂಥದೊಂದರಲ್ಲಿ ಎರಡು ವರ್ಷದಿಂದ ಇದ್ದಾಳೆ. ಆಕೆಯ ಅಂತಸ್ತಿಗೆ ಆರು ಮಂದಿ ಎಂದು ಪಟ್ಟಿಯಲ್ಲಿದೆ, ಇರುವವರು ಮೂವರು. ಅಪ್ಪಣೆಗಳು ಈಗ ಗದ್ದುಗೆಯಿಂದ ಬರುವುದಿಲ್ಲ, ಕೈಯಲ್ಲಿರುವ ಫೋನಿನಿಂದ ಬರುತ್ತವೆ. ಯಾವ ಗಿರಾಕಿಯನ್ನೂ ಒಂಟಿಯಾಗಿ ಬಿಡಬಾರದೆಂದು ಅಂತಸ್ತಿನ ಮ್ಯಾನೇಜರು. ಹನ್ನೊಂದು ಗಂಟೆಯೊಳಗೆ ಬೊಂಬೆಗಳ ಬಟ್ಟೆ ಬದಲಿಸಿ ಚಿತ್ರ ಕಳಿಸಬೇಕೆಂದು ಬೆಂಗಳೂರಿನ ಮುಖ್ಯ ಕಚೇರಿ. ಸರಕನ್ನು ಯಂತ್ರ ಹಿಡಿದು ಎಣಿಸಬೇಕೆಂದು ಉಗ್ರಾಣದವರು. ಅಪ್ಪಾರಾದರೂ ಕಣ್ಣೆದುರಿಗಿದ್ದರು, ಬೆಂಗಳೂರಿನವರ ಮುಖವನ್ನು ಈಕೆ ನೋಡಿಯೇ ಇಲ್ಲ. ದಿನವಿಡೀ ಕೂರಲು ಸ್ಥಳವಿಲ್ಲ. ಕೇರಳದಲ್ಲಿ ಕೋಳಿಕ್ಕೋಡಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಪಿ. ವಿಜಿ ಎಂಬ ಹೊಲಿಗೆಗಾರ್ತಿಯ ಮುಂದಾಳುತನದಲ್ಲಿ ವರ್ಷಗಳ ಕಾಲ ಹೋರಾಡಿದ ಫಲವಾಗಿ, 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಶಾಸನದಲ್ಲಿ ಸೇರಿಸಿತು. ತಮಿಳುನಾಡು 2021ರಲ್ಲಿ ಅದನ್ನು ಅನುಸರಿಸಿತು. ಈ ಸಂಗತಿಯನ್ನು ನಾನು ಹೇಳಿದಾಗ ಆಕೆ ನಂಬಲಿಲ್ಲ. ‘ಕೂರೋದಕ್ಕೂ ಕಾಯ್ದೆ ಬೇಕಾತೇನ್ರಿ ಸರ್?’ ಎಂದು ಕೇಳಿದಳು.

ಅಣ್ಣಾರ ಹಲಗೆಯ ಕತೆಯನ್ನೂ ಹೇಳಿದೆ. ಸ್ವಲ್ಪ ದಿನದ ಮೇಲೆ ಆಕೆ ಅಂಗಡಿಯವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ, ‘ಸರ್, ಈಗ ನಾನೊಬ್ಬಳೇ ಇದ್ದೇನೆ. ಬೊಂಬೆಗಳ ಚಿತ್ರ ಮೊದಲೋ, ಗಿರಾಕಿಗಳು ಮೊದಲೋ ತಿಳಿಸಿ’ ಎಂದು ಬರೆದಳು. ಎರಡೇ ನಿಮಿಷದಲ್ಲಿ ಮ್ಯಾನೇಜರು ಪ್ರತ್ಯೇಕವಾಗಿ ಫೋನು ಮಾಡಿ, ‘ಗುಂಪಿನಲ್ಲಿ ಕೇಳಬೇಡಮ್ಮ, ಮೇಲಿನವರು ನೋಡುತ್ತಾರೆ. ಗಿರಾಕಿ ನೋಡಿಕೋ, ಚಿತ್ರ ಆಮೇಲೆ ಕಳಿಸಿದರಾಯಿತು’ ಎಂದರಂತೆ. ಆಕೆ ಫೋನು ಕೆಳಗಿಟ್ಟು, ಅದೇ ಗುಂಪಿನಲ್ಲಿ ವಿನಯದಿಂದಲೇ ಬರೆದಳು: ‘ಸರ್, ತಾವು ಈಗ ಫೋನಿನಲ್ಲಿ ತಿಳಿಸಿದಂತೆ ಗಿರಾಕಿಗಳನ್ನು ಮೊದಲು ನೋಡಿಕೊಳ್ಳುತ್ತೇನೆ. ಚಿತ್ರ ಮಧ್ಯಾಹ್ನ 2 ಗಂಟೆಗೆ ಕಳಿಸುತ್ತೇನೆ.’ ಅದಕ್ಕೆ ಯಾರೂ ಉತ್ತರ ಬರೆಯಲಿಲ್ಲ. ಚಿತ್ರ ತಡವಾಯಿತೆಂದು ಬೆಂಗಳೂರಿನಿಂದ ಬೈಗುಳವೂ ಬರಲಿಲ್ಲ. ಮರುವಾರದಿಂದ ಕೆಳಗಿನ ಅಂತಸ್ತಿನ ಇನ್ನಿಬ್ಬರು ಹುಡುಗಿಯರು ಹಾಗೆಯೇ ಬರೆಯತೊಡಗಿದ್ದಾರೆಂದು ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಹೇಳಿದಳು. ಆಷಾಢದ ರಿಯಾಯಿತಿ ಮಾರಾಟ ಮುಗಿಯುವ ತನಕ ಹೊಸಬರನ್ನು ತೆಗೆದುಕೊಳ್ಳುವುದಿಲ್ಲವಂತೆ. ಅಷ್ಟರಲ್ಲಿ ದಾವಣಗೆರೆಯ ಬಸ್ಸು ಬಂತು.